ಪಕ್ಕದ ನಕ್ಷತ್ರ

ನಕ್ಷತ್ರದ ಬೆಳಕು ಮೂರನೇ ಸಲ, ಲೆಕ್ಕ ಹಾಕಿದ್ದ ದಿನವೇ, ಕೂದಲೆಳೆಯಷ್ಟು ಮಂಕಾದದ್ದು ಪರದೆಯ ಮೇಲೆ ಕಾಣುತ್ತಲೇ ಅವಳು ತನಗೆ ಈ ಕೆಲಸ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿದಳು. ಆ ನಕ್ಷತ್ರಕ್ಕೆ ಅಡ್ಡ ಬರುತ್ತಿರುವುದು ಒಂದು ಗ್ರಹ, ಅಲ್ಲಿ ನೀರೂ ಇದ್ದೀತು ಎಂಬ ಆಸೆಯಲ್ಲೇ ಅವರು ಎರಡು ವರ್ಷದಿಂದ ಜೀವ ಹಿಡಿದುಕೊಂಡಿದ್ದರು.

"ಬಂತೇನಮ್ಮಾ?"

"ಬಂತು ಸಾರ್! ಒಂದು ಗಂಟೆನೂ ಆಚೀಚೆ ಆಗಿಲ್ಲ."

"ತಡಿ, ಕನ್ನಡಕ ಹಾಕ್ಕೋತೀನಿ. ಚಿತ್ರ ಕಳಿಸು." ಆ ಕಡೆ ಆಸ್ಪತ್ರೆಯ ಮಂಚ ಕಿರುಗುಟ್ಟಿತು. ಕನ್ನಡಕದ ಡಬ್ಬಿ ಟಕ್ಕೆಂದು ತೆರೆದುಕೊಂಡಿತು.

ಕಳಿಸುವ ಮೊದಲು, ಅವರೇ ಕಲಿಸಿದ್ದ ಅಭ್ಯಾಸದಂತೆ, ಪಕ್ಕದ ನಕ್ಷತ್ರದ ಬೆಳಕಿನ ಏರಿಳಿತದ ಗೆರೆಯನ್ನೂ ತೆರೆದಳು. ಹಿಂದಿನ ಎರಡು ಸಲ ಅವರು ಹುಮ್ಮಸ್ಸಿನಲ್ಲಿ, ಅವಳು ಅವರ ಮೇಲಿನ ನಂಬಿಕೆಯಲ್ಲಿ, ಅದನ್ನು ನೋಡಿರಲೇ ಇಲ್ಲ. ಅದೂ ಅದೇ ಗಳಿಗೆಗೆ, ಅಷ್ಟೇ ಮಂಕಾಗಿತ್ತು. ಅದರಾಚೆಯದೂ ಹಾಗೇ. ಗ್ರಹವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಬಾಹ್ಯಾಕಾಶದಲ್ಲಿದ್ದ ದೂರದರ್ಶಕದ ಕ್ಯಾಮೆರಾವೇ ವರ್ಷಕ್ಕೊಮ್ಮೆ ಬಿಸಿಲಿಗೆ ಕಾದು ಮಂಕಾಗುತ್ತಿತ್ತು.

"ಯಾಕಮ್ಮಾ, ಸುಮ್ಮನಾಗಿಬಿಟ್ಟೆ?" ಎಂದರು ಮೇಷ್ಟ್ರು. ಆಮೇಲೆ ಅವರ ದನಿ ತಗ್ಗಿತು. "ಪಕ್ಕದ್ದು ನೋಡಿದ್ಯಾ?"

"ನೋಡ್ದೆ ಸಾರ್. ಅದೂ ಮಂಕಾಗಿದೆ," ಎಂದಳು. ಆ ಕಡೆಯಿಂದ ಕನ್ನಡಕದ ಡಬ್ಬಿ ಮುಚ್ಚಿಕೊಂಡ ಸದ್ದು ಕೇಳಿಸಿತು.