ತಡಿಯೇ ಕೂಸೆ

"ತಡಿಯೇ ಕೂಸೆ, ಆನು ಹೇಳದು ಪೂರ್ತಿ ಕೇಳು!" ಎಂದುಬಿಟ್ಟ ಗಜಾನನ ಭಟ್ಟ ಮನೆಯ ಹವ್ಯಕ ಮಾತಿನಲ್ಲಿ, ಅದೂ ಟೀವಿಯ ನೇರಪ್ರಸಾರದಲ್ಲಿ.

ರಾಜ್ಯಪಾಲರು ಮಸೂದೆಗೆ ಸಹಿ ಹಾಕದೆ ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದು ಚರ್ಚೆ. ಅವನು ದೆಹಲಿಯಲ್ಲಿ ಕಾನೂನು ಪ್ರಾಧ್ಯಾಪಕ. ಶಿರಸಿಯ ತನ್ನ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಅವನ ಮಾತನ್ನು ಮತ್ತೆ ಮತ್ತೆ ನಡುವೆಯೇ ತುಂಡರಿಸುತ್ತಿದ್ದವಳು ಅಲ್ಲಿನ ಲಾ ಕಾಲೇಜಿನ ಪ್ರಾಧ್ಯಾಪಕಿ ಮೈತ್ರೇಯಿ ಹೆಗಡೆ. ಅಲ್ಲಿಯವರೆಗೆ ಇಬ್ಬರೂ ಸರ್, ಮೇಡಂ ಎನ್ನುತ್ತಲೇ ಜಗಳವಾಡಿದ್ದರು.

ನಿರೂಪಕನಿಗೆ ನಗು ಬಂತು. ಮೈತ್ರೇಯಿಯ ಬೆರಳು ಸಂವಿಧಾನದ ಪುಟದ ಮೇಲೇ ನಿಂತುಹೋಯಿತು. ಊರಿನ ಹುಡುಗಿಯರನ್ನು ಕರೆಯುವ ಹಾಗೆ ತನ್ನನ್ನು ಕೂಸೆ ಎನ್ನುವವರು, ತಲೆ ನರೆತ ಮೇಲೆ ಯಾರೂ ಉಳಿದಿರಲಿಲ್ಲ. ಇಬ್ಬರೂ ಒಟ್ಟಿಗೆ ಓದು ಮುಗಿಸಿ ಹೊರಟ ದಿನ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲೂ ಇವನು ಹೀಗೇ ಅಂದಿದ್ದ: "ತಡಿಯೇ ಕೂಸೆ, ಒಂದು ಮಾತು ಹೇಳದಿತ್ತು." ಅವನು ಬಾಯಿ ತೆರೆಯುವ ಮೊದಲೇ ಅವಳು ಏನೋ ವಾದ ಹೂಡಿ, ಗೆದ್ದು, ಬಂದ ಬಸ್ಸು ಹತ್ತಿದ್ದಳು. ಆ ಮಾತು ಏನಿದ್ದೀತೆಂದು ಇಷ್ಟು ವರ್ಷ ಊಹಿಸುವುದರಲ್ಲೇ ಕಳೆದಿದ್ದಳು.

"ಮೇಡಂ, ಬೇಗ, ನಿಮ್ಮ ಉತ್ತರ?" ನಿರೂಪಕ ಅವಸರ ಮಾಡಿದ.

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಮೈತ್ರೇಯಿ ಪುಸ್ತಕ ಮುಚ್ಚಿದಳು. ಪರದೆಯ ಮೂಲೆಯ ಸಣ್ಣ ಚೌಕದಲ್ಲಿದ್ದ ಆ ಮುಖವನ್ನೇ ನೋಡುತ್ತ, ಇಡೀ ನಾಡು ಕೇಳುತ್ತಿದೆ ಎಂಬುದನ್ನೂ ಮರೆತು, ಮೆಲ್ಲಗೆ ಅಂದಳು:

"ನೀ ಹೇಳಿ ಮುಗ್ಸೊ. ಆನು ಕಾಯ್ತೆ."