ಮುಚ್ಚಳದ ತಾಸೆ

ಚಿತ್ತು ತೊಟ್ಟಿಲಿಗೆ ಬಗ್ಗಿ ತಂಗಿಯ ಕಾಲನ್ನು ಕಚ್ಚಿಯೇ ಬಿಟ್ಟ. ಮೂರು ತುಂಬದ ಹುಡುಗನ ಹಲ್ಲಿನ ಗುರುತು ಕೆಂಪಗೆ ಎದ್ದಿತು. ಮಣ್ಣಗುಡ್ಡದ ಆ ಮನೆಯ ಯಜಮಾನರು, ಮಕ್ಕಳ ಸೋದರಮಾವ ಸಂಕಪ್ಪ ಶೆಟ್ಟರು ಪೇಪರು ಮಡಚಿಟ್ಟು ತೀರ್ಪು ಕೊಟ್ಟರು.

“ಇನ್ನೊಮ್ಮೆ ಕಚ್ಚಿದರೆ ಇವನನ್ನು ಬಜಪೆಗೆ, ಗುಲಾಬಿ ಅಕ್ಕನ ಮನೆಗೆ ಬಿಟ್ಟು ಬರ್ತೇನೆ. ಚಿಕ್ಕದು ದೊಡ್ಡದಾಗುವವರೆಗೆ ಅಲ್ಲೇ ಇರಲಿ.”

ತಾಯಿ ಉಮಾವತಿ ಮಗನನ್ನು ಎಳೆದು ಸೊಂಟಕ್ಕೇರಿಸಿಕೊಂಡಳು. ಗಂಡ ಬೊಂಬಾಯಿಯಲ್ಲಿ, ಮಗನೂ ಕಣ್ಣಮುಂದೆ ಇಲ್ಲವೆಂದರೆ ಹೇಗೆ? ಅಣ್ಣನ ಮಾತೆಂದರೆ ಮಾತು. ಈ ಮೊದಲೇ ಬೈದದ್ದಾಗಿತ್ತು, ಬೆನ್ನಿಗೆ ಬಾರಿಸಿದ್ದೂ ಆಗಿತ್ತು. ಹೊಡೆದಷ್ಟೂ ಹುಡುಗ ಹೆಚ್ಚು ಕಚ್ಚುತ್ತಿದ್ದ. ದಂಡಂ ದಶಗುಣಂ ಎಂದವರಿಗೆ ಇಂಥ ಮಗ ಇದ್ದಿರಲಾರ.

ದಸರೆಗೆ ಅಂಗಳಕ್ಕೆ ಹುಲಿವೇಷ ಬಂದಾಗ ಒಂದು ವಿಷಯ ಅವಳ ಕಣ್ಣಿಗೆ ಬಿತ್ತು. ತಾಸೆ ವಾದ್ಯ ಬಡಿಯುವವನ ಪೆಟ್ಟು ಜೋರಾದರೆ ಹುಲಿ ಎಗರುತ್ತಿತ್ತು. ಪೆಟ್ಟು ನಿಧಾನವಾದರೆ ಹುಲಿಯೂ ನಿಧಾನ. ತಾಸೆ ನಿಂತಿತೋ, ಎಂಥ ಹುಲಿಯೂ ಬಾಲ ಮಡಚಿ ಬೀಡಿ ಕೇಳುತ್ತಿತ್ತು. ಚಿತ್ತು ಬಾಯಿ ಕಳೆದು ನೋಡುತ್ತಿದ್ದ. ಅವಳೂ ಹಾಗೆಯೇ ನೋಡಿದಳು.

ಮರುದಿನ ಚಿತ್ತುವಿನ ಮುಖ ಕೆಂಪಾಗುತ್ತಿದ್ದಂತೆ ಉಮಾವತಿ ಪಾತ್ರೆಯ ಮುಚ್ಚಳ, ಸೌಟು ಹಿಡಿದು ಬಂದಳು. “ಪಿಲಿ ಬಂತಾ, ಹುಲಿ ಬಂತಾ? ಕುಣಿ ಮಾರಾಯ!” ಹುಡುಗ ಒಂದು ಗಳಿಗೆ ಬೆರಗಾದ, ಆಮೇಲೆ ಗುರ್ರೆಂದು ಚಾವಡಿ ತುಂಬ ಹಾರಿದ. ಅವಳು ಬಡಿತ ಇಳಿಸಿದಳು. ಅವನ ಕುಣಿತವೂ ಇಳಿಯಿತು. ಸದ್ದು ನಿಂತಾಗ ನೆಲದ ಮೇಲೆ ಅಂಗಾತ ಮಲಗಿ, ಏದುಸಿರು ಬಿಡುತ್ತ ನಗುತ್ತಿದ್ದ.

“ಮೊದಲೇ ಹುಲಿ, ಅದಕ್ಕೆ ನಿನ್ನ ತಾಸೆ ಬೇರೆ!” ಎಂದರು ಶೆಟ್ಟರು. “ನಿನಗೆ ಮಂಡೆ ಸಮ ಉಂಟಾ?”

“ಎಂತ ಆಗ್ತದೆ ನೋಡುವ ಅಣ್ಣ,” ಎಂದಳು. ಎಂತ ಆಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ದೀಪಾವಳಿ ಹತ್ತಿರವಾದಾಗ ಒಂದು ಸಂಜೆ, ಚಾಪೆಯ ಮೇಲಿದ್ದ ತಂಗಿ ಚಿತ್ತುವಿನ ಮರದ ಬಸ್ಸನ್ನು ಬಾಯಿಗೆ ಹಾಕಿಕೊಂಡಳು. ಉಮಾವತಿ ಬಾವಿಕಟ್ಟೆಯಿಂದ ಓಡಿ ಬರುವಷ್ಟರಲ್ಲಿ ಹುಡುಗ ಅಡುಗೆಮನೆಯ ಮುಚ್ಚಳ ತಂದು, ತಾನೇ ಬಡಿದುಕೊಂಡು ತಾನೇ ಕುಣಿಯುತ್ತಿದ್ದ. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಸದ್ದಿಗೆ ಮಗು ಬೆದರಿ ಕಿರುಚಿತು. ಸರಿಯಾಗಿ ಆಗಲೇ ಶೆಟ್ಟರ ಅಂಬಾಸಿಡರ್ ಗೇಟಿನೊಳಗೆ ಬಂತು.

“ಕಚ್ಚಿದನಲ್ಲ! ಅವನ ಬಟ್ಟೆ ಕಟ್ಟು. ಈಗಲೇ ಬಜಪೆಗೆ!” ಶೆಟ್ಟರ ಒದೆತಕ್ಕೆ ಸ್ಟೂಲು ಉರುಳಿತು.

“ಕಚ್ಚಲಿಲ್ಲ ಅಣ್ಣ, ನೀವೇ ನೋಡಿ—”

“ಬಾಯಿ ಮುಚ್ಚು!”

ಚಿತ್ತು ಮಾವನ ಮುಂದೆ ಬಂದು ನಿಂತು ಆ ಕೆಂಪು ಮುಖವನ್ನೇ ನೋಡಿದ. ಮುಚ್ಚಳಕ್ಕೆ ಜೋರಾಗಿ ಬಾರಿಸಿದ. ಆಮೇಲೆ ಮೆಲ್ಲಗೆ. ಇನ್ನೂ ಮೆಲ್ಲಗೆ. ಶೆಟ್ಟರು ಚಾಪೆಗೆ ಬಗ್ಗಿ ಮಗುವಿನ ಕೈಕಾಲು ತಿರುಗಿಸಿ ನೋಡಿದರು. ಎಲ್ಲೂ ಹಲ್ಲಿನ ಗುರುತಿರಲಿಲ್ಲ. ಉರುಳಿದ ಸ್ಟೂಲನ್ನು ತಾವೇ ಎತ್ತಿಟ್ಟು ಅದರ ಮೇಲೆ ಕುಳಿತರು. ಮುಚ್ಚಳದ ಸದ್ದು ನಿಂತಿತು.

ಹುಡುಗ ತಾಯಿಯ ಕಡೆ ತಿರುಗಿದ.

“ಅಮ್ಮ, ಮಾವ ಇನ್ನೊಮ್ಮೆ ಬೊಬ್ಬೆ ಹಾಕಿದರೆ ಬಜಪೆಗೆ ಬಿಟ್ಟು ಬರುವ, ಆಯ್ತಾ?”