ಡೇರೆಯಲ್ಲಿ ಉಳಿಯುವವನು

ಗಡಹಿಂಗ್ಲಜದ ಗುಡ್ಡದ ಬುಡದಲ್ಲಿ, ಮರಳಿನಿಂದ ಮಾಡಿದ ರಣಭೂಮಿಯ ಮಾದರಿಯ ಮೇಲೆ ಕರ್ನಲ್ ಬೆತ್ತದಿಂದ ಒಂದು ಗೆರೆ ಎಳೆದ.

"ಶತ್ರು ಇಲ್ಲಿಯವರೆಗೆ ಬಂದಿದ್ದಾನೆ. ನಿನ್ನ ಆಸ್ಪತ್ರೆ ಹಿಂದೆ ಸರಿಯಬೇಕು. ಗಾಯಾಳುಗಳಿಗೆ ಸಾಲುವಷ್ಟು ಲಾರಿಗಳಿಲ್ಲ. ಏನು ಮಾಡುತ್ತೀಯ?"

೧೯೪೩ರ ಚಳಿಗಾಲ. ಬರ್ಮಾ ಗಡಿಗೆ ಹೊರಡಲಿದ್ದ ವೈದ್ಯಕೀಯ ತುಕಡಿಯ ಯೋಜನೆಯ ಪರೀಕ್ಷೆ ನಡೆದಿತ್ತು. ಯೋಜನೆ ರೂಪಿಸಿದವನು ತುಕಡಿಯ ಮುಖ್ಯಸ್ಥ, ಕುರುಂದವಾಡದ ಡಾಕ್ಟರ್ ಕ್ಯಾಪ್ಟನ್ ಕುಂಥುನಾಥ. ಆಫ್ರಿಕದ ಮರುಭೂಮಿಯ ಯುದ್ಧ ಕಂಡು ಬಂದವನು.

"ನಡೆಯಬಲ್ಲವರು ನಡೆಯುತ್ತಾರೆ," ಎಂದು ಅವನು ಇಂಗ್ಲಿಷಿನಲ್ಲಿ ಉತ್ತರಿಸಿದ. "ಉಳಿದವರನ್ನು ಲಾರಿಗಳು ಒಯ್ಯುತ್ತವೆ. ಜಾಗ ಸಾಲದೆ ಮಿಕ್ಕವರು ಈ ಆಸ್ಪತ್ರೆಯ ಡೇರೆಯಲ್ಲಿ ಉಳಿಯುತ್ತಾರೆ. ಅವರ ಜೊತೆ ಒಬ್ಬ ಡಾಕ್ಟರ್."

"ಆ ಡಾಕ್ಟರ್ ಸೆರೆಯಾಗುತ್ತಾನೆ, ಇಲ್ಲವೇ ಸಾಯುತ್ತಾನೆ. ಯಾರೆಂದು ಆ ಹೊತ್ತಿಗೆ ನೋಡಿಕೊಂಡರಾಯಿತು."

"ಮರುಭೂಮಿಯಲ್ಲಿ ಹಾಗೇ ಮಾಡಿದರು ಸರ್. ಡಾಕ್ಟರುಗಳು ಚೀಟಿ ಎತ್ತಿದರು. ಮಲಗಿದ್ದ ಗಾಯಾಳುಗಳು ಅದನ್ನು ನೋಡುತ್ತಿದ್ದರು. ಈಗಲೇ ಹೇಳುತ್ತೇನೆ, ಉಳಿಯುವವನು ನಾನು."

"ಮುಖ್ಯಸ್ಥ ಉಳಿಯುವಂತಿಲ್ಲ. ಕಿರಿಯನೊಬ್ಬನನ್ನು ಬಿಡು."

"ಹೊರಡುವವನು ನಾನಾದರೆ, ಇಷ್ಟೇ ಲಾರಿ ಎಂದು ಬೇಗ ಒಪ್ಪಿಬಿಡುತ್ತೇನೆ ಸರ್. ಉಳಿಯುವವನಾದರೆ ಇನ್ನೊಂದು ಲಾರಿಗಾಗಿ ಕೊನೆಯವರೆಗೂ ಹೋರಾಡುತ್ತೇನೆ."

ಕರ್ನಲ್ ಬೆತ್ತವನ್ನು ಕಂಕುಳಲ್ಲಿ ಇರುಕಿಕೊಂಡ. "ಒಪ್ಪಿದೆ," ಎಂದಷ್ಟೇ ಹೇಳಿ ಕುದುರೆ ಏರಿದ.

ಪಕ್ಕದಲ್ಲೇ ನಿಂತಿದ್ದ, ಗಾಯಾಳುಗಳನ್ನು ಹೊರುವವರ ಹವಾಲ್ದಾರ, ನೂಲ ಊರಿನ ಮಾಯಪ್ಪನಿಗೆ ಇಂಗ್ಲಿಷ್ ಬಾರದು. ಆದರೆ ಕ್ಯಾಪ್ಟನ್ ಡೇರೆಯನ್ನು ತೋರಿಸಿ ಎದೆ ಮುಟ್ಟಿಕೊಂಡದ್ದನ್ನು ಕಂಡಿದ್ದ.

"ಏನಂದ್ರಿ ಸಾಹೇಬ್ರ?"

"ಮಂದಿ ಹಿಂದ ಉಳದ್ರ ನಾನೂ ಉಳೀತೇನಿ ಅಂದೆ."

"ನೀವೊಬ್ಬರ ಏನ್ ಮಾಡ್ತೀರಿ? ನೀರ್ ಯಾರ್ ಕಾಸೋರು? ನಾನೂ ಇರ್ತೇನ್ರಿ." ಮಾಯಪ್ಪ ದನಿ ತಗ್ಗಿಸಿ ಹೇಳಿದ: "ನಮ್ಮವ್ವಗ ಅಷ್ಟ ಹೇಳಬ್ಯಾಡ್ರಿ."

ಮುಂದಿನ ಯುಗಾದಿಯ ಹೊತ್ತಿಗೆ ಬರ್ಮಾ ಗಡಿಯಲ್ಲಿ ಹಿಂದೆ ಸರಿಯುವ ಆಜ್ಞೆ ನಿಜವಾಗಿಯೇ ಬಂತು. ಲಾರಿಗಳು ಸಾಲಲಿಲ್ಲ. ಕುಂಥುನಾಥ ರಸ್ತೆಯ ನಡುವೆ ಕೈಚಾಚಿ ನಿಂತುಬಿಟ್ಟ. ಹಿಟ್ಟಿನ ಚೀಲ, ಅಧಿಕಾರಿಗಳ ಪೆಟ್ಟಿಗೆ, ಏನೇ ಹೊತ್ತು ಬಂದ ಗಾಡಿಯಾದರೂ ಬರಿದು ಮಾಡಿಸಿ ಗಾಯಾಳುಗಳನ್ನು ಹತ್ತಿಸಿದ. ಬೈದವರಿದ್ದರು, ಪಿಸ್ತೂಲು ತೋರಿಸಿದವರೂ ಇದ್ದರು. ಅವನು ಕದಲಲಿಲ್ಲ. ಸಂಜೆಯ ಹೊತ್ತಿಗೆ ಡೇರೆಯಲ್ಲಿ ಉಳಿದವನು ಒಬ್ಬನೇ ಸಿಪಾಯಿ. ಆಮೇಲೆ ಯಾವ ಗಾಡಿಯೂ ಬರಲಿಲ್ಲ.

"ಹೊರೂಣೇನ್ರಿ?" ಎಂದ ಮಾಯಪ್ಪ.

"ಹೊರೂಣು."

ಮರುದಿನ ಮುಂಜಾನೆ ಹೊಳೆಯಾಚೆ ಕಾಯುತ್ತಿದ್ದ ತುಕಡಿಗೆ ಅವರು ಕಂಡರು. ಮುಂದೆ ಮಾಯಪ್ಪ, ಹಿಂದೆ ಕ್ಯಾಪ್ಟನ್, ಇಬ್ಬರೂ ಕಾಲು ಸೋತು ತೂರಾಡುತ್ತಿದ್ದರು. ನಡುವೆ ಸ್ಟ್ರೆಚರಿನ ಮೇಲೆ ಆ ಸಿಪಾಯಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.